ಮಿರಿಯಡ್ ಎಲ್ಲಿ, ಪ್ಲೆಥೊರಾ ಎಲ್ಲಿ?

ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳ ಇಂಗ್ಲಿಷ್ ಪತ್ರ ತಿದ್ದಿಕೊಡುವಾಗ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: 'ಐ ಹ್ಯಾವ್ ಎ ಪ್ಲೆಥೊರಾ ಆಫ್ ಸ್ಕಿಲ್ಸ್.' ನನಗೆ ಬಹಳ ಕೆಲಸ ಬರುತ್ತದೆ ಎನ್ನುವುದು ಅವರ ಮನಸ್ಸಿನಲ್ಲಿರುವುದು. ಓದುವವರಿಗೆ ಕೇಳಿಸುವುದು 'ಬೇಕಾದ್ದಕ್ಕಿಂತ ಜಾಸ್ತಿ ಇದೆ' ಎಂದು.

ಮಿರಿಯಡ್ (myriad), ಪ್ಲೆಥೊರಾ (plethora) ಎಂಬ ಎರಡು ಇಂಗ್ಲಿಷ್ ಪದಗಳಲ್ಲಿ ಯಾವುದು ಎಲ್ಲಿ ಎಂಬ ಗೊಂದಲ ಇದು. ಮೊದಲು ಎರಡರ ಹುಟ್ಟು ತಿಳಿದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಎರಡೂ ಗ್ರೀಕ್ ಮೂಲದವು. ಮಿರಿಯಡ್ ಎಂದರೆ 10,000, ಸಂಸ್ಕೃತದ 'ಅಯುತ' ಇದ್ದ ಹಾಗೆ. ವಿಶ್ವವನ್ನೆಲ್ಲ ತುಂಬಲು ಎಷ್ಟು ಮರಳಿನ ಕಾಳು ಬೇಕೆಂದು ಲೆಕ್ಕ ಹಾಕಲು ಹೊರಟ ಆರ್ಕಿಮಿಡೀಸ್, ಮಿರಿಯಡ್ ಸಲ ಮಿರಿಯಡ್, ಅಂದರೆ 10 ಕೋಟಿಯನ್ನೇ ಮೆಟ್ಟಿಲು ಮಾಡಿಕೊಂಡು ಮೇಲೇರಿದ. ಅಂಥ ಸಂಖ್ಯೆಯೇ ಕ್ರಮೇಣ 'ಲೆಕ್ಕವಿಲ್ಲದಷ್ಟು' ಎಂಬ ಅರ್ಥ ಪಡೆಯಿತು.

ಪ್ಲೆಥೊರಾ ಇಂಗ್ಲಿಷಿಗೆ ಬಂದದ್ದು ವೈದ್ಯರ ಬಾಯಿಂದ. ಮೈಯಲ್ಲಿ ರಕ್ತ ಅತಿಯಾಗಿ ಮುಖ ಕೆಂಪೇರುವುದಕ್ಕೆ ಆ ಹೆಸರು. ರಕ್ತ ತೆಗೆಯುವುದೇ ಅದಕ್ಕೆ ಆಗಿನ ಮದ್ದು. ಆ ಕಾಯಿಲೆಯ ವಾಸನೆ ಪದಕ್ಕೆ ಇನ್ನೂ ಅಂಟಿಕೊಂಡಿದೆ.

ಇನ್ನು ಪರೀಕ್ಷೆ. ಮದುವೆ ಊಟದ ಎಲೆ ನೆನೆಸಿಕೊಳ್ಳಿ. ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಗೊಜ್ಜು, ಹಪ್ಪಳ: ಈ ನಾನಾ ಬಗೆಗೆ ಮಿರಿಯಡ್. ಕೈ ಅಡ್ಡ ಹಿಡಿದು 'ಸಾಕು ಸಾಕು' ಅಂದರೂ ಬಡಿಸಿ, ಪಾಯಸ ಹರಿದು ಸಾರಿಗೆ ಸೇರಿತೇ? ಅದು ಪ್ಲೆಥೊರಾ. ನಿಮ್ಮ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. 'ನಾನಾ', 'ಅಸಂಖ್ಯ' ಕೂತರೆ ಮೊದಲನೆಯದು; 'ಅತಿಯಾಯಿತು' ಅನ್ನಿಸಿದರೆ ಎರಡನೆಯದು. ಪ್ಲೆಥೊರಾಕ್ಕೆ ಬರೀ 'ಬಹಳ' ಎಂಬ ಅರ್ಥವನ್ನೂ ಈಗಿನ ನಿಘಂಟುಗಳು ಕೊಡುತ್ತವೆ, ನಿಜ. ಆದರೂ ಹಳೆಯ ಅರ್ಥ ಉಳಿಸಿಕೊಂಡರೆ ಪದಕ್ಕೆ ಕಸುವಿರುತ್ತದೆ ಎಂದೇ ನನ್ನ ನಂಬಿಕೆ.

ವ್ಯಾಕರಣದಲ್ಲಿ ನೋಡಬೇಕಾದ್ದು ಒಂದೇ. 'ಮಿರಿಯಡ್ ಸ್ಟಾರ್ಸ್', 'ಎ ಮಿರಿಯಡ್ ಆಫ್ ಸ್ಟಾರ್ಸ್' ಎರಡೂ ಸರಿ. ಎರಡನೆಯದು ತಪ್ಪೆಂದು ಕೆಂಪು ಶಾಯಿ ಎಳೆಯುವವರಿದ್ದಾರೆ; ಇಂಗ್ಲಿಷಿನಲ್ಲಿ ಮೊದಲು ಬಂದದ್ದು ನಾಮಪದದ ಬಳಕೆಯೇ. ಪ್ಲೆಥೊರಾ ಮಾತ್ರ ನಾಮಪದವಾಗಿಯೇ ಇರುತ್ತದೆ. ಹಿಂದೆ 'ಎ', ಮುಂದೆ 'ಆಫ್' ಬಿಡಬೇಡಿ. ಹೇಳುವಾಗ ಒತ್ತು 'ಪ್ಲೆ' ಮೇಲೆ. 'ಥೋ' ಎಂದು ಎಳೆಯಬೇಡಿ.

ಅರ್ಜಿಯ ಆ ಸಾಲಿಗೆ ಮಾತ್ರ ಈ ಎರಡೂ ಬೇಡ. ಟ್ಯಾಲಿ ಬರುತ್ತದೆ, ಕನ್ನಡ ಟೈಪಿಂಗ್ ಬರುತ್ತದೆ, ಎರಡು ವರ್ಷ ಅಂಗಡಿಯ ಲೆಕ್ಕ ಬರೆದಿದ್ದೇನೆ ಎಂದೇ ಬರೆಯಿರಿ.