ಲೋಡಿಂಗ್‌ನಿಂದ ಶುರು ಮಾಡಿದ ಯುದ್ಧದ ಪಾಠ

ಎರಡನೇ ಮಹಾಯುದ್ಧದ ಪಾಠದಲ್ಲಿ ಹಿಟ್ಲರ್, ಸ್ಟಾಲಿನ್ ಹೆಸರು ಹುಡುಗರ ತಲೆಗೆ ಬೇಗ ಹೋಗುತ್ತವೆ. ಅಮೆರಿಕ, ಬ್ರಿಟನ್‌ನವರು ಹಡಗಿನಲ್ಲಿ ರಷ್ಯಾಕ್ಕೆ ಸಾಮಾನು ಮುಟ್ಟಿಸಲು ಪಟ್ಟ ಪಾಡು ಮಾತ್ರ ಹೋಗುವುದಿಲ್ಲ. ಕಲಬುರಗಿಯ ನಮ್ಮ ಶಾಲೆಯಲ್ಲಿ ಸಮುದ್ರ ನೋಡಿದ ಮಕ್ಕಳೇ ಕಡಿಮೆ. ಆದರೆ ಲಾರಿ ಲೋಡ್ ಮಾಡೋದು ಅವರಿಗೆ ಗೊತ್ತು. ಹಲವರ ಅಪ್ಪಂದಿರು ಗಂಜ್‌ನಲ್ಲೋ ದಾಲ್ ಮಿಲ್‌ನಲ್ಲೋ ಹಮಾಲಿ ಮಾಡುವವರು. ಹಾಗಾಗಿ ನಾನು ಪಾಠ ಅಲ್ಲಿಂದಲೇ ಶುರು ಮಾಡಿದೆ.

ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಹಡಗು ಬರೆದೆ. ಬೆಂಕಿಪೊಟ್ಟಣ ಅಂದ್ರೆ ಟ್ಯಾಂಕ್, ತೊಗರಿ ಅಂದ್ರೆ ಆಹಾರ, ಬಾಟಲಿ ಮುಚ್ಚಳ ಅಂದ್ರೆ ಮದ್ದುಗುಂಡು. ಹುಡುಗಿಯರ ಗುಂಪು ಟ್ಯಾಂಕೆಲ್ಲ ಒಂದೇ ಹಡಗಿಗೆ ತುಂಬಿತು. ನಾನು ಡಸ್ಟರ್ ತಗೊಂಡು ಅದೇ ಹಡಗನ್ನು ಒರೆಸಿಬಿಟ್ಟೆ.

“ಸರ, ಟ್ಯಾಂಕೆಲ್ಲಾ ಹೋದ್ವಲ್ರೀ!”

ಆಮೇಲೆ ನಾನು ಹೇಳಬೇಕಾಗಲಿಲ್ಲ, ತಾವೇ ಎಲ್ಲ ಹಡಗಿಗೂ ಹಂಚಿದರು. ಇನ್ನೊಬ್ಬ ಹುಡುಗ, “ವಜನ ಇದ್ದದ್ದು ತಳಕ್ಕ ಇಡಬೇಕ್ರಿ ಸರ, ಇಲ್ಲಂದ್ರ ವಾಲ್ತದ” ಅಂದ. ಸರಿಯಾದ ಮಾತು. ಆದರೆ ಈ ಹಡಗುಗಳು ಹೋಗುತ್ತಿದ್ದ ಉತ್ತರದ ಸಮುದ್ರದಲ್ಲಿ ಅಲೆ ಹಾರಿ ಬಿದ್ದ ನೀರು ಡೆಕ್ ಮೇಲೆಯೇ ಹೆಪ್ಪುಗಟ್ಟುತ್ತಿತ್ತು. ತಳದಲ್ಲಿ ಎಷ್ಟು ಭಾರ ಇಟ್ಟರೂ ಮೇಲಿನ ಮಂಜು ಹಡಗನ್ನು ಮಗುಚಬಹುದಿತ್ತು. ನಾವಿಕರು ಕೊಡಲಿ ಹಿಡಿದು ಅದನ್ನು ಒಡೆಯುತ್ತಿದ್ದರು.

ನಂತರ ನಕ್ಷೆ ಹಾಸಿದೆ. ಮೊದಲ ಹಡಗಿನ ಸಾಲು ರಷ್ಯಾದ ಉತ್ತರದ ಬಂದರು ಆರ್ಖಾಂಗೆಲ್ಸ್ಕ್ ಮುಟ್ಟಿದ್ದು 1941ರ ಆಗಸ್ಟ್ ಕೊನೆಗೆ. ಚಳಿಗಾಲದಲ್ಲಿ ಆ ಬಂದರು ಹೆಪ್ಪುಗಟ್ಟುತ್ತದೆ, ಅಲ್ಲಿನ ಇನ್ನೊಂದು ಬಂದರು ಮುರ್ಮಾನ್ಸ್ಕ್ ಮಾತ್ರ ತೆರೆದಿರುತ್ತದೆ. ಪಕ್ಕದ ನಾರ್ವೆ ಜರ್ಮನ್ನರ ಕೈಯಲ್ಲಿ. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಸರಿದು ದೂರದಿಂದ ಸುತ್ತಿ ಹೋಗಬಹುದು, ಆದರೆ ರಾತ್ರಿಯೇ ಆಗುವುದಿಲ್ಲ, ವಿಮಾನಕ್ಕೆ ಎಲ್ಲ ಕಾಣುತ್ತದೆ. ಚಳಿಗಾಲದಲ್ಲಿ ಕತ್ತಲು ಸಿಗುತ್ತದೆ, ಆದರೆ ಮಂಜುಗಡ್ಡೆಯು ಹಡಗುಗಳನ್ನು ನಾರ್ವೆಯ ಹತ್ತಿರಕ್ಕೇ ತಳ್ಳುತ್ತದೆ. “ಹಂಗಾದ್ರ ಯಾವಾಗ ಹೋಗಬೇಕ್ರಿ?” ಅಂತ ಕೇಳಿದರು. ಈ ಪ್ರಶ್ನೆ ಬಂದರೆ ಪಾಠ ಮುಕ್ಕಾಲು ಮುಗಿದಂತೆ.

ಪಿಕ್ಯೂ-17 ಎಂಬ ಹಡಗಿನ ಸಾಲಿನ ಕಥೆ ಆಮೇಲೆ ಹೇಳಿದೆ. 1942ರ ಜೂನ್ 27ರಂದು ಐಸ್‌ಲ್ಯಾಂಡ್‌ನಿಂದ 35 ಸರಕು ಹಡಗು ಹೊರಟವು. ಟಿರ್ಪಿಟ್ಜ್ ಎಂಬ ಜರ್ಮನ್ ಯುದ್ಧನೌಕೆ ಬರುತ್ತದೆ ಎಂದು ಹೆದರಿ ಜುಲೈ 4ರಂದು ಲಂಡನ್‌ನಿಂದ ‘ಚದುರಿ ಹೋಗಿ’ ಎಂಬ ಆಜ್ಞೆ ಬಂತು. ಕಾವಲಿಗಿದ್ದ ಯುದ್ಧನೌಕೆಗಳು ಬಿಟ್ಟು ಹೋದವು, 24 ಸರಕು ಹಡಗು ಮುಳುಗಿದವು. ಟಿರ್ಪಿಟ್ಜ್ ಅವುಗಳ ಹತ್ತಿರಕ್ಕೂ ಬರಲಿಲ್ಲ. ಹುಡುಗರಿಗೆ ಸಿಟ್ಟು ಬಂತು, ಬರಲಿ ಬಿಡಿ.

ರಷ್ಯಾಕ್ಕೆ ಸಾಮಾನು ಹೋದ ಇನ್ನೊಂದು ದಾರಿ ಇರಾನ್ ರೈಲಿನದು, ಅದನ್ನು ಬೇಗ ಮುಗಿಸಿದೆ. ಆದರೆ ರಷ್ಯಾಕ್ಕೆ ಹೋದ ಅಮೆರಿಕದ ಸಾಮಾನಿನಲ್ಲಿ ಹೆಚ್ಚುಕಡಿಮೆ ಅರ್ಧ ರಷ್ಯಾದ ಪೂರ್ವದ ಬಂದರು ವ್ಲಾಡಿವೋಸ್ಟಾಕ್ ಕಡೆಯಿಂದ, ಜಪಾನಿನ ಕಣ್ಣೆದುರೇ ಹೋಯಿತು ಎಂದಾಗ ಯಾರೂ ನಂಬಲಿಲ್ಲ. ಜಪಾನ್‌ಗೂ ರಷ್ಯಾಕ್ಕೂ ಆಗ ಯುದ್ಧ ಇರಲಿಲ್ಲ. ಹಡಗಿನ ಮೇಲೆ ರಷ್ಯಾದ ಬಾವುಟ ಇರಬೇಕು, ಒಳಗೆ ಆಯುಧ ಇರಬಾರದು, ಅಷ್ಟೇ. ತೊಗರಿಯನ್ನೆಲ್ಲ ಆ ಕಡೆಯ ಹಡಗಿಗೆ ಎತ್ತಿಡಲು ಶುರು ಮಾಡಿದರು. ಬೆಂಕಿಪೊಟ್ಟಣ ಮುರ್ಮಾನ್ಸ್ಕ್ ದಾರಿಯಲ್ಲೇ ಉಳಿಯಿತು.