ವಾರ್ಡಿನ ರಸ್ತೆ ದುರಸ್ತಿ: ನಡವಳಿಯಿಂದ ಅಳತೆ ಪುಸ್ತಕದವರೆಗೆ

‘ವಾರ್ಡಿನ ಹಾಳಾದ ರಸ್ತೆಗಳನ್ನು ದುರಸ್ತಿ ಮಾಡಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು.’ ನಗರಸಭೆಯ ನಡವಳಿ ಪುಸ್ತಕದಲ್ಲಿ ಇಂಥ ಸಾಲುಗಳಿಗೆ ಬರವಿಲ್ಲ. ಇದನ್ನು ನಂಬಿ ಯಾವ ಕೆಲಸವೂ ಶುರುವಾಗುವುದಿಲ್ಲ. ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ, ಉದ್ದ ಎಷ್ಟು, ಅಗಲ ಎಷ್ಟು, ಯಾವ ಅನುದಾನ ಎಂಬ ಐದೂ ನಿರ್ಣಯದಲ್ಲಿ ಇಲ್ಲದಿದ್ದರೆ ಜೆಇ (ಕಿರಿಯ ಎಂಜಿನಿಯರ್) ಎಸ್ಟಿಮೇಟ್ ಬರೆಯಲಾರರು, ಲೆಕ್ಕ ಶಾಖೆಯವರು ಹಣ ತೋರಿಸಲಾರರು. ಸದಸ್ಯನಾಗಿದ್ದಾಗ ನಾನು ಕೊಡುತ್ತಿದ್ದ ಟಿಪ್ಪಣಿ ಹೀಗಿರುತ್ತಿತ್ತು: ‘ದೇವಸ್ಥಾನದ ಮೂಲೆಯಿಂದ ಹಾಲಿನ ಡೇರಿವರೆಗೆ, 180 ಮೀಟರ್ ಉದ್ದ, 4.5 ಮೀಟರ್ ಅಗಲ, ಎಡಬದಿಯ ಚರಂಡಿ ಸಹಿತ, ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನದಲ್ಲಿ.’

ಈ ಟಿಪ್ಪಣಿ ಸಭೆಯ ನೋಟಿಸ್ ಹೊರಡುವ ಮೊದಲೇ ಕಚೇರಿ ಸೇರಬೇಕು. ವಿಷಯ ಪಟ್ಟಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂದಿರುತ್ತದಲ್ಲ, ಅದರಡಿ ಹಣದ ಕೆಲಸ ತುರುಕಬಾರದು. ಆ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ನೋಟಿಸಿನಲ್ಲೇ ಇರಲಿಲ್ಲ ಎಂದು ಆಮೇಲೆ ಯಾರಾದರೂ ತಕರಾರು ತೆಗೆದರೆ ಕಡತ ಅಲ್ಲೇ ನಿಲ್ಲುತ್ತದೆ.

ಅನುದಾನದ ಹೆಸರನ್ನೂ ನೋಡಿ ಬರೆಯಬೇಕು. ಕೇಂದ್ರ ಹಣಕಾಸು ಆಯೋಗದ ಹಣದಲ್ಲಿ ಷರತ್ತಿನ ಭಾಗ ನೀರು, ನೈರ್ಮಲ್ಯಕ್ಕೇ ಹೋಗಬೇಕು. ಡಾಂಬರಿಗೆ ಅದನ್ನು ಕೇಳಿದರೆ ಕ್ರಿಯಾ ಯೋಜನೆ ವಾಪಸು ಬರುತ್ತದೆ. ಬೀದಿ ಪರಿಶಿಷ್ಟ ಜಾತಿ, ಪಂಗಡದವರ ಬಡಾವಣೆಯದಾಗಿದ್ದರೆ ಶೇ 24.10ರ ಮೀಸಲು ಹಣದಲ್ಲಿ ಮೊದಲು ಕೇಳಿ. ವರ್ಷದ ಕೊನೆಯವರೆಗೂ ಖರ್ಚಾಗದೆ ಉಳಿಯುವ ಹಣ ಬಹುಪಾಲು ಅದೇ.

ಇನ್ನು ಬೀದಿಗೆ ಬರೋಣ. ಒಂದೇ ಜಾಗದಲ್ಲಿ ಗುಂಡಿ ಮತ್ತೆ ಮತ್ತೆ ಬೀಳುತ್ತಿದ್ದರೆ ಅಲ್ಲಿ ಡಾಂಬರಿನ ತಪ್ಪು ಕಡಿಮೆ, ನೀರಿನ ತಪ್ಪು ಹೆಚ್ಚು. ನೀರು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ, ಗಾಡಿಯ ಚಕ್ರ ಜಲ್ಲಿಯನ್ನು ಕಿತ್ತೊಯ್ಯುತ್ತದೆ. ಮಳೆಯಿಲ್ಲದ ವಾರ ನೋಡಿಕೊಂಡು ವಾಲ್‌ಮನ್ ಜತೆ ಹೋಗಿ ಪರೀಕ್ಷಿಸಬೇಕು. ನಲ್ಲಿ ನೀರು ಬಿಡುವ ದಿನ ಗುಂಡಿ ಒದ್ದೆ, ಬಿಡದ ದಿನ ಒಣಗಿದ್ದರೆ ಕೆಳಗೆ ಪೈಪು ಸೋರುತ್ತಿದೆ. ಎರಡೂ ದಿನ ಒದ್ದೆಯಿದ್ದರೆ ಯುಜಿಡಿ (ಒಳಚರಂಡಿ) ಅಥವಾ ಬೀದಿ ಬದಿಯ ಚರಂಡಿ. ಆ ಸೋರಿಕೆ ನಿಲ್ಲಿಸದೆ ಮೇಲೆ ಹಾಕಿದ ಡಾಂಬರು ಒಂದು ಮಳೆಗಾಲವನ್ನೂ ದಾಟುವುದಿಲ್ಲ. ನಲ್ಲಿ ಸಂಪರ್ಕಕ್ಕೆ ಅಗೆದ ಕಡೆಯೂ ಇದೇ ಕಥೆ: 150 ಮಿ.ಮೀ. ಪದರಗಳಲ್ಲಿ ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಬೇಕು. ಎಲ್ಲ ಮಣ್ಣನ್ನೂ ಒಂದೇ ಸಲ ಎಳೆದು ಮುಚ್ಚಿದರೆ ಮೊದಲ ಮಳೆಗೇ ಕುಸಿಯುತ್ತದೆ.

ಗುಂಡಿ ಮುಚ್ಚುವ ಲೆಕ್ಕ ಸದಸ್ಯರಿಗೂ ಗೊತ್ತಿರಬೇಕು. 1.2 ಮೀಟರ್ ಉದ್ದ, 0.8 ಮೀಟರ್ ಅಗಲ, 75 ಮಿ.ಮೀ. ಆಳದ ಗುಂಡಿಗೆ 0.072 ಘನ ಮೀಟರ್ ಡಾಂಬರು-ಜಲ್ಲಿ ಮಿಶ್ರಣ ಬೇಕು, ತೂಕದಲ್ಲಿ ಸುಮಾರು 165 ಕಿಲೊ. ಇಂಥ 12 ಗುಂಡಿಗೆ 2 ಟನ್. ಎಡವಟ್ಟು ಇಲ್ಲೇ ಇದೆ. 2 ಟನ್ನಿಗಾಗಿ ಯಾರೂ ಪ್ಲಾಂಟ್ ಹೊತ್ತಿಸುವುದಿಲ್ಲ, 10 ಟನ್ ತುಂಬಿದ ಟಿಪ್ಪರ್ ನಿಮ್ಮ ಬೀದಿಗೆ ಕೊನೆಗೆ ಬರುವಷ್ಟರಲ್ಲಿ ಮಿಶ್ರಣ ಆರಿ ಗಟ್ಟಿಯಾಗಿರುತ್ತದೆ. ಅಕ್ಕಪಕ್ಕದ ನಾಲ್ಕೈದು ವಾರ್ಡಿನ 60 ಗುಂಡಿಗಳನ್ನು ಸೇರಿಸಿ ಒಂದೇ ಕಾಮಗಾರಿ ಮಾಡಿದರೆ ಒಂದು ಟಿಪ್ಪರ್ ಒಂದೇ ದಿನ ಖಾಲಿಯಾಗುತ್ತದೆ. ಸದಸ್ಯರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಪ್ರತಿಯೊಬ್ಬರಿಗೂ ತಮ್ಮ ವಾರ್ಡಿನ ಹೆಸರಿನ ಕೆಲಸವೇ ಬೇಕು. ಆದರೆ ಒಂದು ಕೆಲಸವನ್ನು ತುಂಡು ತುಂಡು ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ ಎಂದು ನೆನಪಿಸಿದ ಮೇಲೆ ಸಾಮಾನ್ಯವಾಗಿ ಮೌನವಾಗುತ್ತಾರೆ.

ಕೆಲಸದ ದಿನ ನಿಂತು ನೋಡಬೇಕಾದದ್ದು: ಗುಂಡಿಯ ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರವಾಗಿ, ಗೋಡೆಯಂತೆ ನೇರವಾಗಿ ಕತ್ತರಿಸಿರಬೇಕು. ದೂಳು, ಕೆಸರು ಪೂರ್ತಿ ತೆಗೆದಿರಬೇಕು. ಮಿಶ್ರಣ ಅಂಟಿಕೊಳ್ಳಲೆಂದು ಮೊದಲು ಬಳಿಯುವ ತೆಳು ಡಾಂಬರು ದ್ರವ, ಅಂದರೆ ಟ್ಯಾಕ್ ಕೋಟ್ ಎಮಲ್ಷನ್, ಚದರ ಮೀಟರಿಗೆ 0.2ರಿಂದ 0.3 ಕಿಲೊ ಸಾಕು. ಕಂದು ಬಣ್ಣ ಕಪ್ಪಾಗುವವರೆಗೆ ಕಾಯಬೇಕು, ಇಲ್ಲಿ ಎಲ್ಲರಿಗೂ ಅವಸರ. ವಿಜಿ-30 ದರ್ಜೆಯ ಡಾಂಬರಾದರೆ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, 90ಕ್ಕೆ ಇಳಿಯುವ ಮುನ್ನ ರೋಲರ್ ಕೆಲಸ ಮುಗಿಯಬೇಕು. ಜೆಇ ಬಳಿ ಥರ್ಮಾಮೀಟರ್ ಇರಲಿ, ಹೊಗೆ ನೋಡಿ ಬಿಸಿ ಹೇಳುವವರನ್ನು ನಂಬಬೇಡಿ. 75 ಮಿ.ಮೀ. ಗಟ್ಟಿಯಾಗಿ ಕೂರಲು ಸುಮಾರು 95 ಮಿ.ಮೀ. ಸಡಿಲ ಮಿಶ್ರಣ ಬೇಕು. ಮಳೆಗಾಲದಲ್ಲಿ ಚೀಲದಲ್ಲಿ ಬರುವ, ಬಿಸಿ ಮಾಡದೆ ಹಾಕುವ ಕೋಲ್ಡ್ ಮಿಕ್ಸ್ ಹಾಕಿಸಿ, ಮಳೆ ನಿಂತ ಮೇಲೆ ಬಿಸಿ ಮಿಶ್ರಣದ ಕೆಲಸ ಇಟ್ಟುಕೊಳ್ಳಿ.

ಇಡೀ ರಸ್ತೆಗೆ ಹೊಸ ಪದರ ಹಾಕುವುದಾದರೆ ಎಸ್ಟಿಮೇಟಿನಲ್ಲಿ ಎರಡು ಐಟಂ ಹುಡುಕಿ: ಹಳೆ ಪದರ ಕೆರೆದು ತೆಗೆಯುವುದು, ಮ್ಯಾನ್‌ಹೋಲ್ ಮುಚ್ಚಳದ ಮಟ್ಟ ಏರಿಸುವುದು. ಮೊದಲನೆಯದು ಇಲ್ಲದಿದ್ದರೆ 30 ಮಿ.ಮೀ.ನಂತೆ ನಾಲ್ಕು ಸಲ ಹಾಕುವಷ್ಟರಲ್ಲಿ ರಸ್ತೆ 12 ಸೆಂಟಿಮೀಟರ್ ಮೇಲೇರಿ ಮಳೆ ನೀರು ಹೊಸಿಲು ದಾಟುತ್ತದೆ. ಎರಡನೆಯದು ಇಲ್ಲದಿದ್ದರೆ ಹೊಸ ರಸ್ತೆಯಲ್ಲೇ ಗುಂಡಿ ಸಿದ್ಧ. ಎಸ್ಟಿಮೇಟಿನಲ್ಲಿ ಇಲ್ಲದ್ದನ್ನು ಗುತ್ತಿಗೆದಾರರು ಮಾಡುವುದಿಲ್ಲ, ಅದು ಅವರ ತಪ್ಪೂ ಅಲ್ಲ.

(ರಸ್ತೆ ಮುಗಿದ ಮರುದಿನವೇ ಹಂಪ್ ಬೇಕೆಂಬ ಅರ್ಜಿ ಬರುತ್ತದೆ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮ ಬೀದಿಗಳಲ್ಲಿ ಕಾಣುವ ಒಂದಡಿ ಅಗಲದ ದಿಬ್ಬಗಳು ಬೆನ್ನುಮೂಳೆಗಷ್ಟೇ ಕೆಲಸ ಕೊಡುತ್ತವೆ.)

ಬಿಲ್ ಪಾಸಾಗುವ ಮುನ್ನ ಎಂಬಿ, ಅಂದರೆ ಅಳತೆ ಪುಸ್ತಕ ನೋಡಿ. ಮೇಲೆ ಹೇಳಿದ 180 ಮೀಟರಿನ ರಸ್ತೆಯಲ್ಲಿ 40 ಮಿ.ಮೀ. ಎಂದು ಬರೆದು 30 ಮಿ.ಮೀ. ಹಾಕಿದ್ದರೆ ಕಡಿಮೆಯಾದದ್ದು 8.1 ಘನ ಮೀಟರ್, ಹೆಚ್ಚುಕಡಿಮೆ ಎರಡು ಟಿಪ್ಪರ್. ಉದ್ದ, ಅಗಲವನ್ನು ಟೇಪಿನಲ್ಲಿ ಯಾರಾದರೂ ಅಳೆಯಬಹುದು. ದಪ್ಪಕ್ಕೆ ಮಾತ್ರ ಕೋರ್ (ರಸ್ತೆ ಕೊರೆದು ತೆಗೆದ ತುಂಡು) ತೆಗೆಸಬೇಕು, ಅಂಚಿನಲ್ಲಲ್ಲ, ಚಕ್ರ ಓಡಾಡುವ ಜಾಗದಲ್ಲಿ. ಸದಸ್ಯರಲ್ಲದವರು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಕಾಮಗಾರಿಯ ಹೆಸರು ಬರೆದು ಮಂಜೂರಾದ ಅಂದಾಜು ಪಟ್ಟಿ, ಎಂಬಿ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ ಇಷ್ಟನ್ನೇ ಕೇಳಿ. ‘ರಸ್ತೆ ಏಕೆ ಕಳಪೆಯಾಗಿದೆ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಹಿಂಬರಹ ಬರುತ್ತದೆ.

ದೋಷ ಹೊಣೆಗಾರಿಕೆ ಅವಧಿ, ಅಂದರೆ ಹಾಳಾದದ್ದನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ ಎಷ್ಟೆಂದು ಟೆಂಡರ್ ಕರಾರಿನಲ್ಲಿ ಇರುತ್ತದೆ. ಅದು ಮುಗಿಯಲು ಎರಡು ತಿಂಗಳಿರುವಾಗ ರಸ್ತೆಯನ್ನು ಇನ್ನೊಮ್ಮೆ ನಡೆದು ನೋಡಿ, ಬಿದ್ದ ಗುಂಡಿಗಳನ್ನು ವಿದ್ಯುತ್ ಕಂಬದ ಸಂಖ್ಯೆ ಸಹಿತ ಬರೆದು ಪೌರಾಯುಕ್ತರಿಗೆ ಕೊಟ್ಟು, ನಕಲಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಗುತ್ತಿಗೆದಾರರ ಠೇವಣಿ ಬಿಡುಗಡೆಯ ಕಡತ ಮೇಜಿಗೆ ಬಂದಾಗ ಆ ಪತ್ರ ಅದರೊಳಗೆ ಇರಬೇಕು.