ಎದುರು ಮನೆಯ ಹನುಕಾ, ನಮ್ಮ ಒಲೆಯ ಲಾಟ್ಕೆ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್, ಐಸ್ಲಿನ್ ಕಡೆ ಹೊಸದಾಗಿ ಮನೆ ಮಾಡಿದವರಿಗೆ ಭಾರತೀಯ ಅಂಗಡಿಗಳಿರುವ ಓಕ್ ಟ್ರೀ ರೋಡಿನ ದಾರಿ ಯಾರೂ ಹೇಳಿಕೊಡಬೇಕಿಲ್ಲ. ಬಂದ ವಾರದಲ್ಲೇ ಸೋನಾ ಮಸೂರಿ, ಇಂಗು, ಸಾರಿನ ಪುಡಿ ಎಲ್ಲ ಮನೆ ಸೇರಿರುತ್ತವೆ. ಎಡಿಸನ್ ಕಡೆಯಿಂದಲೇ ರೂಟ್ 27 ಹೆದ್ದಾರಿ ಹಿಡಿದು ನ್ಯೂ ಬ್ರನ್ಸ್‌ವಿಕ್ ದಿಕ್ಕಿಗೆ ಹೋದರೆ ಹೈಲ್ಯಾಂಡ್ ಪಾರ್ಕ್ ಸಿಗುತ್ತದೆ. ಅಲ್ಲಿ ಯಹೂದಿ ಕುಟುಂಬಗಳು ಜಾಸ್ತಿ. ಆಫೀಸಿನಲ್ಲೋ, ಮಕ್ಕಳ ಶಾಲೆಯಲ್ಲೋ, ಅಪಾರ್ಟ್‌ಮೆಂಟಿನ ಎದುರು ಬಾಗಿಲಲ್ಲೋ ಪರಿಚಯ ಆಗೇ ಆಗುತ್ತದೆ. ಚಳಿಗಾಲ ಶುರುವಾದಾಗ ಅವರ ದೀಪದ ಹಬ್ಬ ಹನುಕಾಗೆ ಒಂದು ದಿನ ಕರೆ ಬರುತ್ತದೆ: ‘ಹನುಕಾಗೆ ಬನ್ನಿ, ಲಾಟ್ಕೆ ಮಾಡ್ತೀವಿ.’ ಸಂಕೋಚ ಬೇಡ, ಹೋಗಿ. ಹೋಗುವ ಮುಂಚೆ ಮನೆಯಲ್ಲಿ ಒಮ್ಮೆ ನೀವೇ ಮಾಡಿ ನೋಡಿದರೆ ಇನ್ನೂ ಒಳ್ಳೆಯದು.

ಲಾಟ್ಕೆ ಅಂದರೆ ತುರಿದ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕರಿದ ಪುಟ್ಟ ರೊಟ್ಟಿ. ಆದರೆ ಹಬ್ಬಕ್ಕೆ ಮುಖ್ಯ ಆಲೂಗಡ್ಡೆಯಲ್ಲ, ಎಣ್ಣೆ. ಕ್ರಿ.ಪೂ. 2ನೇ ಶತಮಾನದಲ್ಲಿ ಮಕ್ಕಬೀಯರು ಎಂಬ ಯಹೂದಿ ಬಂಡಾಯಗಾರರು ಗ್ರೀಕ್ ಅರಸರಿಂದ ಜೆರುಸಲೇಮಿನ ದೇವಾಲಯವನ್ನು ಬಿಡಿಸಿಕೊಂಡರು. ಅಲ್ಲಿನ ದೀಪಕ್ಕೆ ಸಿಕ್ಕ ಶುದ್ಧ ಎಣ್ಣೆ ಒಂದು ದಿನಕ್ಕಾಗುವಷ್ಟೇ ಇತ್ತು, ಆದರೂ ಎಂಟು ದಿನ ಉರಿಯಿತು ಅಂತ ನಂಬಿಕೆ. ಅದಕ್ಕೇ ಎಂಟು ರಾತ್ರಿ ದೀಪ, ಅದಕ್ಕೇ ಕರಿದ ತಿಂಡಿ. ಇಸ್ರೇಲಿನಲ್ಲಿ ಇದೇ ಹಬ್ಬಕ್ಕೆ ಜಾಮ್ ತುಂಬಿದ ಡೋನಟ್ ಕರಿಯುತ್ತಾರೆ. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಯುರೋಪಿಗೆ ಬಂದದ್ದು. ಪೂರ್ವ ಯುರೋಪಿನ ಬಡವರ ತಟ್ಟೆಯಲ್ಲಿ ಅದು ನೆಲೆ ನಿಂತದ್ದು ತೀರ ಈಚೆಗೆ, 19ನೇ ಶತಮಾನದ ಹೊತ್ತಿಗೆ. ಆ ಚಳಿ ದೇಶದಲ್ಲಿ ಆಲಿವ್ ಎಣ್ಣೆ ಎಲ್ಲಿ ಸಿಗಬೇಕು? ಅಲ್ಲಿನ ಯಹೂದಿಗಳು ಹೆಬ್ಬಾತಿನ (ಗೂಸ್) ಕೊಬ್ಬು ಕರಗಿಸಿ ಅದರಲ್ಲೇ ಕರಿಯುತ್ತಿದ್ದರು. ಸಸ್ಯಾಹಾರಿಗಳು ಇದನ್ನು ನೆನಪಿಟ್ಟುಕೊಳ್ಳಿ. ಕೆಲವು ಹೋಟೆಲುಗಳಲ್ಲಿ ಇವತ್ತಿಗೂ ಕೋಳಿ ಕೊಬ್ಬಿನಲ್ಲಿ ಕರಿಯುವುದುಂಟು. ಅದಕ್ಕೆ ‘ಶ್ಮಾಲ್ಟ್ಸ್’ ಅನ್ನುತ್ತಾರೆ. ಕೇಳಿಯೇ ತಿನ್ನಿ.

ಈಗ ಅಡುಗೆಗೆ ಬರೋಣ. ನಾಲ್ಕು ಜನಕ್ಕೆ ಒಂದು ಕಿಲೋ ಆಲೂಗಡ್ಡೆ, ಒಂದು ದೊಡ್ಡ ಈರುಳ್ಳಿ, ಎರಡು ಮೊಟ್ಟೆ, ಕಾಲು ಕಪ್ ಮಾಟ್ಸಾ ಪುಡಿ, ಒಂದೂವರೆ ಚಮಚ ಉಪ್ಪು, ಸ್ವಲ್ಪ ಕಾಳುಮೆಣಸಿನ ಪುಡಿ. ಆಲೂಗಡ್ಡೆ ರಸೆಟ್ ಜಾತಿಯದೇ ಇರಲಿ. ಕಂದು ಸಿಪ್ಪೆಯ, ಉದ್ದನೆಯ ಗಡ್ಡೆ ಅದು, ಹಿಟ್ಟಿನ ಅಂಶ ಜಾಸ್ತಿ. ಕೆಂಪು ಸಿಪ್ಪೆಯ ಗಡ್ಡೆ ನಮ್ಮ ಪಲ್ಯಕ್ಕೆ ಸರಿ, ಇದಕ್ಕೆ ಬೇಡ. ಮಾಟ್ಸಾ ಪುಡಿ ಅಂದರೆ ಹುದುಗು ಬರಿಸದ ಯಹೂದಿಗಳ ಒಣ ರೊಟ್ಟಿಯ ಪುಡಿ. ಸೂಪರ್ ಮಾರ್ಕೆಟ್ಟಿನ ಕೋಷರ್ ಸಾಲಿನಲ್ಲಿ, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವ ಪದಾರ್ಥಗಳ ಸಾಲಿನಲ್ಲಿ, ಸಿಗುತ್ತದೆ. ಸಿಗದಿದ್ದರೆ ಮೈದಾ ನಡೆಯುತ್ತದೆ.

ತುರಿಯುವಾಗ ಸ್ವಲ್ಪ ಆಲೂಗಡ್ಡೆ, ಸ್ವಲ್ಪ ಈರುಳ್ಳಿ ಅಂತ ಸರದಿಯಲ್ಲಿ ತುರಿಯಿರಿ. ಈರುಳ್ಳಿ ಬೆರೆತರೆ ಆಲೂಗಡ್ಡೆ ಬೇಗ ಕಪ್ಪಾಗುವುದಿಲ್ಲ. ಆಮೇಲಿನದೇ ನಿಜವಾದ ಕೆಲಸ, ಹಿಂಡುವುದು. ತುರಿಯನ್ನು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಬೋಗುಣಿಯ ಮೇಲೆ ಹಿಡಿದು ತಿರುಚಿ. ಮೊದಲು ನೀರು ಧಾರೆಯಾಗಿ ಇಳಿಯುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ಇಷ್ಟು ಸಾಕು ಅನ್ನಿಸಿದಾಗ ಗಂಟು ಬಿಚ್ಚಿ, ತುರಿಯನ್ನು ಒಮ್ಮೆ ಕೆದಕಿ, ಮತ್ತೆ ಕಟ್ಟಿ ಹಿಂಡಿ. ಇನ್ನೂ ಅರ್ಧ ಲೋಟ ಬರುತ್ತದೆ, ನೋಡಿ. ಆ ನೀರು ಚೆಲ್ಲಬೇಡಿ. ಹತ್ತು ನಿಮಿಷ ಅಲುಗಿಸದೆ ಇಟ್ಟರೆ ತಳದಲ್ಲಿ ಬೆಳ್ಳಗೆ ಗಟ್ಟಿ ಪಿಷ್ಟ ಕೂತಿರುತ್ತದೆ. ಮೇಲಿನ ಕೆಂಪು ನೀರು ಬಗ್ಗಿಸಿ, ತಳದ ಪಿಷ್ಟವನ್ನು ಬೆರಳಲ್ಲಿ ಕೆರೆದು ತುರಿಗೇ ಸೇರಿಸಿ. ಅಂಟು ಬರುವುದು ಅದರಿಂದಲೇ. ಆಮೇಲೆ ಮೊಟ್ಟೆ, ಮಾಟ್ಸಾ ಪುಡಿ, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಕಲಸಿ.

ಮೊಟ್ಟೆ ತಿನ್ನದವರು ಈ ಪಿಷ್ಟದ ಜೊತೆ ಎರಡು ಚಮಚ ಕಾರ್ನ್‌ಫ್ಲೋರ್ (ಇಲ್ಲಿನ ಅಂಗಡಿಗಳಲ್ಲಿ ‘ಕಾರ್ನ್‌ಸ್ಟಾರ್ಚ್’) ಹಾಕಿ. ಲಾಟ್ಕೆ ಸಣ್ಣದಾಗಿ ಮಾಡಿ, ತಿರುವುವಾಗ ಅವಸರ ಬೇಡ. ಅಂಚು ಒಂದೆರಡು ಕಡೆ ಬಿಡಬಹುದು, ಪರವಾಗಿಲ್ಲ. ಗರಿಗರಿ ಮಾತ್ರ ಇನ್ನೂ ಚೆನ್ನಾಗಿ ಬರುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಅರ್ಧ ಸೆಂಟಿಮೀಟರ್‌ನಷ್ಟು ಎಣ್ಣೆ ಇರಲಿ. ಸೂರ್ಯಕಾಂತಿ, ಕನೋಲಾ ಯಾವುದಾದರೂ ಸರಿ. ಒಂದು ಎಳೆ ತುರಿ ಬಿಟ್ಟಾಗ ತಕ್ಷಣ ಚೊರ್ ಅನ್ನಬೇಕು. ಚಮಚದಲ್ಲಿ ಹಿಟ್ಟು ಬಿಟ್ಟು ಮೆಲ್ಲಗೆ ಚಪ್ಪಟೆ ಮಾಡಿ. ತಾಲಿಪಟ್ಟಿನ ಹಾಗೆ ಅದುಮಿ ತಟ್ಟಬೇಡಿ. ಅಂಚಿನಲ್ಲಿ ಎಳೆಗಳು ಚೆದುರಿಕೊಂಡಿರಬೇಕು, ಸುಟ್ಟು ಕಂದಾಗಿ ಗರಿಗರಿ ಆಗುವುದು ಅವೇ. ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷ. ತೆಗೆದು ಪೇಪರ್ ಮೇಲೆ ರಾಶಿ ಹಾಕಿದರೆ ಬಿಸಿಗೆ ಬೆವರಿ ಮೆತ್ತಗಾಗುತ್ತವೆ. ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ.

ಕೈ ಸುಮ್ನೆ ಇರುವುದಿಲ್ಲ ಅಲ್ವಾ? ಹಸಿಮೆಣಸು, ಜೀರಿಗೆ, ಕರಿಬೇವು ಹಾಕೋಣ ಅನ್ನಿಸುತ್ತದೆ. ಮೊದಲ ಸಲ ಬೇಡ. ಅವೆಲ್ಲ ಬಿದ್ದರೆ ನಾವು ದಿನಾ ತಿನ್ನುವ ರುಚಿಯೇ ಆಗುತ್ತದೆ, ಆಲೂಗಡ್ಡೆಯದ್ದೇ ಸಿಹಿ ನಾಲಿಗೆಗೆ ಸಿಗುವುದಿಲ್ಲ. ಜೊತೆಗೆ ಸಕ್ಕರೆ ಕಮ್ಮಿ ಇರುವ ಆಪಲ್ ಸಾಸ್ ಅಥವಾ ಸೋರ್ ಕ್ರೀಮ್ ಇಡುತ್ತಾರೆ. ಎರಡರಲ್ಲಿ ಯಾವುದು ಅಂತ ಅವರ ಮನೆಗಳಲ್ಲೇ ಜಗಳ ಆಗುತ್ತದೆ. ನನ್ನ ಓಟು ಆಪಲ್ ಸಾಸಿಗೆ. ಮಾಂಸದ ಊಟದ ದಿನ ಕೋಷರ್ ಪಾಲಿಸುವ ಮನೆಯಲ್ಲಿ ಸೋರ್ ಕ್ರೀಮ್ ಬರುವುದೇ ಇಲ್ಲ. ಮಾಂಸ, ಹಾಲು ಎರಡನ್ನೂ ಅವರು ಒಟ್ಟಿಗೆ ತಿನ್ನುವುದಿಲ್ಲ.

ಕೊಂಡೊಯ್ಯುವ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕೋಷರ್ ಪಾಲಿಸುವ ಮನೆಗೆ ನಿಮ್ಮ ಅಡುಗೆಮನೆಯ ಮೈಸೂರು ಪಾಕು ಒಯ್ದರೆ ನಗುತ್ತಾ ತೆಗೆದುಕೊಳ್ಳಬಹುದು, ತಿನ್ನಲಾಗದು. ಅದು ನಿಮ್ಮ ಮೇಲಿನ ಅಸಡ್ಡೆಯಲ್ಲ. ಅವರ ಪಾತ್ರೆ, ಒಲೆಗಳಿಗೂ ನಿಯಮ ಇದೆ. ನಮ್ಮಲ್ಲಿ ಮಡಿ ನೋಡಿ ಬೆಳೆದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಹಣ್ಣು, ಹೂವು ಅಥವಾ ಕೋಷರ್ ಗುರುತಿರುವ ಸೀಲ್ ಬಿಚ್ಚದ ಪೊಟ್ಟಣ ಒಯ್ಯಿರಿ. ವೃತ್ತದೊಳಗೆ ಇಂಗ್ಲಿಷಿನ ಯು ಅಕ್ಷರ ಇರುವ ಗುರುತು ಎಲ್ಲೆಡೆ ಕಾಣುತ್ತದೆ. ಪಕ್ಕದಲ್ಲಿ ಡಿ ಇದ್ದರೆ ಅದು ಹಾಲಿನ ಪದಾರ್ಥದ ಲೆಕ್ಕ. ‘ಪಾರ್ವೆ’ ಅಂತಿದ್ದರೆ ಮಾಂಸವೂ ಇಲ್ಲ, ಹಾಲೂ ಇಲ್ಲ. ಆದರೆ ಪಾರ್ವೆಯಲ್ಲಿ ಮೊಟ್ಟೆ, ಮೀನು ಇರಬಹುದು. ಸಸ್ಯಾಹಾರ ಅಂತ ತಿಳಿದು ಮೋಸ ಹೋಗಬೇಡಿ.

ಹಬ್ಬದ ತಾರೀಖು ಪ್ರತಿ ವರ್ಷ ಬೇರೆ. 2026ರಲ್ಲಿ ಡಿಸೆಂಬರ್ 4ರ ಸಂಜೆ ಶುರು. ಅದು ಶುಕ್ರವಾರ, ಯಹೂದಿಗಳ ವಾರದ ವಿಶ್ರಾಂತಿ ದಿನ ‘ಶಬ್ಬಾತ್’ ಶುರುವಾಗುವ ಸಂಜೆ. ಕಟ್ಟಾಗಿ ಆಚರಿಸುವವರು ಸೂರ್ಯ ಮುಳುಗುವ ಮುಂಚೆಯೇ ದೀಪ ಹಚ್ಚಿ ಮುಗಿಸುತ್ತಾರೆ. ಆಮೇಲೆ ಶನಿವಾರ ಕತ್ತಲಾಗುವವರೆಗೆ ಅಡುಗೆ ಮಾಡುವುದಿಲ್ಲ, ಫೋನೂ ಮುಟ್ಟುವುದಿಲ್ಲ. ವಾಟ್ಸಾಪಿಗೆ ಉತ್ತರ ಬರಲಿಲ್ಲ ಅಂತ ಬೇಜಾರಾಗಬೇಡಿ.

ಕೊನೆಗೆ ಮನೆಯ ಮಾತು. ಅಪಾರ್ಟ್‌ಮೆಂಟಿನಲ್ಲಿ ಕರಿಯುವ ಮುಂಚೆ ಮಲಗುವ ಕೋಣೆಯ ಬಾಗಿಲು ಹಾಕಿ, ಕೋಟುಗಳನ್ನು ಒಳಗಿಡಿ, ಕಿಟಕಿ ತೆರೆಯಿರಿ. ಇಲ್ಲದಿದ್ದರೆ ಹೊಗೆಗೆ ಅಲಾರಂ ಕೂಗುತ್ತದೆ, ಕೋಟು ವಾರಗಟ್ಟಲೆ ಎಣ್ಣೆ ನಾರುತ್ತದೆ. ಮಿಕ್ಕ ಎಣ್ಣೆ ಸಿಂಕಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಆರಿದ ಮೇಲೆ ಹಳೇ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಕಸಕ್ಕೆ ಹಾಕಿ. ಉಳಿದ ಲಾಟ್ಕೆಯನ್ನು ಮಾರನೇ ದಿನ ಓವನ್ನಿನಲ್ಲಿ 400 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹತ್ತು ನಿಮಿಷ ಇಟ್ಟರೆ ಮತ್ತೆ ಗರಿಗರಿ. ಮೈಕ್ರೋವೇವ್ ಮಾತ್ರ ಬೇಡ, ಮೆತ್ತಗಾಗಿಬಿಡುತ್ತವೆ.